ತಜ್ಞರ ಉತ್ತರ: ‘ಇನ್ನೂ ಸ್ವಲ್ಪ ತಯಾರಾಗಬೇಕು’ ಎಂದರೆ ಏನರ್ಥ?

ಪ್ರಶ್ನೆ: ದೊಡ್ಡ ಕಂಪನಿಯೊಂದರಲ್ಲಿ 16 ವರ್ಷಗಳಿಂದ ಇದ್ದೇನೆ. ಮೊದಲು ಎಚ್‌ಆರ್‌ನಲ್ಲಿದ್ದೆ, ಈಗ ಕಂಪ್ಲಯನ್ಸ್ (ಕಾನೂನು–ನಿಯಮಗಳ ಪಾಲನೆ ನೋಡಿಕೊಳ್ಳುವ) ವಿಭಾಗದ ಮುಖ್ಯಸ್ಥೆ. ಆರು ವರ್ಷಗಳಿಂದ ಅಪ್ರೈಸಲ್‌ನಲ್ಲಿ ಮೇಲಿನ ರೇಟಿಂಗ್ ತಪ್ಪಿಲ್ಲ. ಆದರೂ ಉಪಾಧ್ಯಕ್ಷರ ಹುದ್ದೆಗೆ ಎರಡು ಸಲ ನನ್ನ ಹೆಸರು ಹೋಗಿ, ಎರಡು ಸಲವೂ ವಾಪಸ್ ಬಂತು. ಕಾರಣ ಕೇಳಿದರೆ ‘ಇನ್ನೂ ಸ್ವಲ್ಪ ತಯಾರಾಗಬೇಕು’ ಅಂದರು. ನಿರ್ದೇಶಕ ಮಂಡಳಿಯಲ್ಲಿ ಇಬ್ಬರು ಮಹಿಳೆಯರಿದ್ದಾರೆ, ಹಾಗಾಗಿ ತಾರತಮ್ಯ ಎನ್ನಲು ಬಾಯಿ ಬರುವುದಿಲ್ಲ. ಈಗ ಇದ್ದಕ್ಕಿದ್ದಂತೆ, ಎರಡು ವರ್ಷದಿಂದ ನಷ್ಟದಲ್ಲಿರುವ ಒಂದು ವ್ಯವಹಾರ ವಿಭಾಗವನ್ನು ವಹಿಸಿಕೊಳ್ಳುತ್ತೀರಾ ಎಂದು ಕೇಳಿದ್ದಾರೆ. ಅಡ್ಡಿ ಇರುವುದು ಎಲ್ಲಿ? ಈ ಹುದ್ದೆಯನ್ನು ಒಪ್ಪಿಕೊಳ್ಳಬೇಕೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಒಪ್ಪಿಕೊಳ್ಳಿ, ಆದರೆ ಷರತ್ತುಗಳನ್ನು ಬರಹದಲ್ಲಿ ಪಡೆದ ಮೇಲೆ. ಯಾವ ಷರತ್ತು, ಯಾಕೆ ಎಂಬುದು ಸ್ಪಷ್ಟವಾಗಬೇಕಾದರೆ ನಿಮ್ಮ ಹೆಸರು ಎರಡು ಸಲ ವಾಪಸ್ ಬಂದದ್ದು ಎಲ್ಲಿಂದ ಎಂದು ನೋಡಬೇಕು. ಅದು ಆಯ್ಕೆ ಸಭೆಯ ಒಂದು ಗಂಟೆಯಲ್ಲಿ ಆದ ತೀರ್ಮಾನ ಎಂದು ನನಗೆ ಅನ್ನಿಸುವುದಿಲ್ಲ. ವರ್ಷಗಳ ಹಿಂದೆ, ನಿಮಗೆ ಯಾವ ವಿಭಾಗ ಕೊಡಬೇಕೆಂದು ಯಾರೋ ಯೋಚಿಸಿದ ದಿನವೇ ಅದರಲ್ಲಿ ಅರ್ಧ ಆಗಿಹೋಗಿತ್ತು.

ಕಂಪನಿಯ ಹುದ್ದೆಗಳಲ್ಲಿ ಎರಡು ಬಗೆ. ಮಾರಾಟ, ಉತ್ಪಾದನೆ, ಒಂದು ಉತ್ಪನ್ನದ ಅಥವಾ ಒಂದು ಪ್ರದೇಶದ ಪೂರ್ತಿ ವ್ಯವಹಾರ, ಇವು ಲೈನ್ ಹುದ್ದೆಗಳು. ಇಲ್ಲಿ ಕೂತವರ ಹೆಸರಿನ ಮುಂದೆ ಆದಾಯ ಇಷ್ಟು, ಖರ್ಚು ಇಷ್ಟು, ಉಳಿದದ್ದು ಇಷ್ಟು ಎಂಬ ಲೆಕ್ಕ ನಿಲ್ಲುತ್ತದೆ. ಎಚ್‌ಆರ್, ಕಾನೂನು, ಕಂಪ್ಲಯನ್ಸ್, ಸಾರ್ವಜನಿಕ ಸಂಪರ್ಕ, ಇವು ಸ್ಟಾಫ್ ಹುದ್ದೆಗಳು. ಇವಿಲ್ಲದೆ ಕಂಪನಿ ನಡೆಯುವುದಿಲ್ಲ, ಆದರೆ ಇಲ್ಲಿನ ಒಳ್ಳೆಯ ಕೆಲಸದ ಫಲ ‘ಏನೂ ತೊಂದರೆ ಆಗಲಿಲ್ಲ’ ಎಂಬುದಷ್ಟೇ, ಅದನ್ನು ಅಂಕಿಯಲ್ಲಿ ತೋರಿಸುವುದು ಕಷ್ಟ. ಅತಿ ಮೇಲಿನ ಹುದ್ದೆಗೆ ಆಯ್ಕೆ ಮಾಡುವವರು ಮೊದಲು ನೋಡುವುದು ‘ಇವರು ಎಷ್ಟು ದೊಡ್ಡ ಪಿ ಆ್ಯಂಡ್ ಎಲ್ ನಡೆಸಿದ್ದಾರೆ’ ಎಂಬುದನ್ನು, ಅಂದರೆ ಲಾಭನಷ್ಟದ ಹೊಣೆಯನ್ನು. ಮೇಲಿನ ಹಂತಕ್ಕೆ ಬಂದ ಮಹಿಳೆಯರಲ್ಲಿ ಹೆಚ್ಚಿನವರು ಸ್ಟಾಫ್ ಹುದ್ದೆಗಳಲ್ಲಿರುವುದರಿಂದ ಈ ಒಂದು ಪ್ರಶ್ನೆಯಲ್ಲೇ ಅರ್ಧ ಪಟ್ಟಿ ಉದುರಿಹೋಗುತ್ತದೆ.

ಈ ಹಂಚಿಕೆ ಹಗೆತನದಿಂದ ಆಗುವುದು ಅಪರೂಪ. ಇದು ಆಗುವುದು ಹೊಗಳಿಕೆಯಿಂದ ಮತ್ತು ಕಾಳಜಿಯಿಂದ. ‘ಜನರನ್ನು ಸಂಭಾಳಿಸುವುದು ಇವರಿಗೆ ಚೆನ್ನಾಗಿ ಬರುತ್ತದೆ’ ಎಂದು ಎಚ್‌ಆರ್‌ಗೆ ಕಳಿಸುತ್ತಾರೆ. ‘ಆ ಹುದ್ದೆಗೆ ಓಡಾಟ ಜಾಸ್ತಿ, ಮಗು ಚಿಕ್ಕದು, ಪಾಪ ಅವರಿಗೆ ಕಷ್ಟವಾಗುತ್ತದೆ’ ಎಂದು ಕೇಳದೆಯೇ ಬೇರೆಯವರನ್ನು ಕಳಿಸುತ್ತಾರೆ. ಅವಳಿಗೆ ಕಷ್ಟವಾಗುತ್ತಿತ್ತೋ ಇಲ್ಲವೋ, ಕೇಳಿದವರಿಲ್ಲ. ಕೇಳದೆ ಉಳಿದ ಆ ಪ್ರಶ್ನೆಗಳು ಎಲ್ಲೂ ದಾಖಲಾಗುವುದಿಲ್ಲ, ಹಾಗಾಗಿ ದೂರು ಕೊಡಲೂ ಏನೂ ಇರುವುದಿಲ್ಲ.

ನಿಮ್ಮ ವಿಷಯದಲ್ಲಿ ಇದು ಎಷ್ಟು ನಿಜ ಎಂದು ಒಂದು ಹಾಳೆಯಲ್ಲೇ ತಿಳಿಯಬಹುದು. ಈ 16 ವರ್ಷಗಳಲ್ಲಿ ನಿಮಗಿದ್ದ ಹುದ್ದೆಗಳನ್ನು ಒಂದರ ಕೆಳಗೊಂದು ಬರೆಯಿರಿ. ಪ್ರತಿಯೊಂದರ ಎದುರು ಐದು ಸಂಗತಿ ಹಾಕಿ: ನಿಮ್ಮ ಹೊಣೆಯಲ್ಲಿದ್ದ ಆದಾಯ, ನಿಮ್ಮ ಸಹಿಗೆ ಬರುತ್ತಿದ್ದ ಖರ್ಚಿನ ಮಿತಿ, ಕೈಕೆಳಗಿದ್ದ ಜನ, ಬೆಲೆ ನಿಗದಿ ಅಥವಾ ನೇಮಕಾತಿಯಲ್ಲಿ ಕೊನೆಯ ಮಾತು ಯಾರದಾಗಿತ್ತು, ನೀವು ಸೋತಿದ್ದರೆ ಕಂಪನಿಗೆ ಎಷ್ಟು ನಷ್ಟವಾಗುತ್ತಿತ್ತು. ಎರಡು ಸಲ ನಿಮ್ಮನ್ನು ದಾಟಿ ಹೋದ ಇಬ್ಬರಿಗೂ, ನಿಮಗೆ ತಿಳಿದ ಮಟ್ಟಿಗೆ, ಇದೇ ಹಾಳೆ ತಯಾರಿಸಿ. ಅವರ ಹಾಳೆಯಲ್ಲಿ ಮೊದಲ ಮತ್ತು ಕೊನೆಯ ಕಾಲಂ ತುಂಬಿದ್ದು ನಿಮ್ಮದರಲ್ಲಿ ಖಾಲಿ ಇದ್ದರೆ, ‘ತಯಾರಾಗಬೇಕು’ ಎಂಬುದರ ಅರ್ಥ ಅದೇ. ಅವರ ಹಾಳೆಯೂ ನಿಮ್ಮಂತೆಯೇ ಇದ್ದರೆ ಅಡ್ಡಿ ಬೇರೆ ಕಡೆ ಇದೆ.

ಆ ಬೇರೆ ಕಡೆ ಸಾಮಾನ್ಯವಾಗಿ ‘ಸಾಮರ್ಥ್ಯ’ ಎಂಬ ಅಂಕಣ. ಅನೇಕ ಕಂಪನಿಗಳು ಉದ್ಯೋಗಿಗಳನ್ನು ಒಂಬತ್ತು ಮನೆಗಳ ಚೌಕದಲ್ಲಿ ಕೂರಿಸುತ್ತವೆ. ಅಡ್ಡಸಾಲಿನಲ್ಲಿ ಈವರೆಗಿನ ಕೆಲಸ, ಉದ್ದಸಾಲಿನಲ್ಲಿ ಮುಂದಿನ ಸಾಮರ್ಥ್ಯ, ಎರಡಕ್ಕೂ ಮೂರು ಮೂರು ದರ್ಜೆ. ನಿಮ್ಮ ಕೈಗೆ ಬರುವ ರೇಟಿಂಗ್ ಕೆಲಸದ್ದು. ಬಡ್ತಿಯನ್ನು ನಿರ್ಧರಿಸುವುದು ಬಹುಪಾಲು ಸಾಮರ್ಥ್ಯದ ದರ್ಜೆ, ಅದನ್ನು ಎಷ್ಟೋ ಕಡೆ ಉದ್ಯೋಗಿಗೆ ತೋರಿಸುವುದೇ ಇಲ್ಲ. ಉತ್ತರ ಅಮೆರಿಕದ ದೊಡ್ಡ ಚಿಲ್ಲರೆ ಮಾರಾಟ ಸಂಸ್ಥೆಯೊಂದರ ದಾಖಲೆಗಳನ್ನು ಅರ್ಥಶಾಸ್ತ್ರಜ್ಞರಾದ ಅಲನ್ ಬೆನ್ಸನ್, ಡೇನಿಯಲ್ ಲಿ ಮತ್ತು ಕೆಲ್ಲಿ ಶೂ ಪರಿಶೀಲಿಸಿದಾಗ ಕಂಡದ್ದು ಇದು: ಕೆಲಸದ ರೇಟಿಂಗ್‌ನಲ್ಲಿ ಮಹಿಳೆಯರು ಪುರುಷರಿಗಿಂತ ಮೇಲಿದ್ದರು, ಸಾಮರ್ಥ್ಯದ ರೇಟಿಂಗ್‌ನಲ್ಲಿ ಕೆಳಗಿದ್ದರು. ಬಡ್ತಿಯಲ್ಲಿನ ಅಂತರದಲ್ಲಿ ಶೇ. 30ರಿಂದ 50ರಷ್ಟಕ್ಕೆ ಈ ಒಂದು ಅಂಕಣವೇ ಕಾರಣ. ಒಂದೇ ಸಾಮರ್ಥ್ಯದ ದರ್ಜೆ ಪಡೆದವರನ್ನು ಹೋಲಿಸಿದಾಗ, ಮುಂದಿನ ದಿನಗಳಲ್ಲಿ ಮಹಿಳೆಯರ ಕೆಲಸವೇ ಮೇಲಿತ್ತು. ಊಹೆ ತಪ್ಪಾಗಿತ್ತು ಎಂದು ಕಣ್ಣೆದುರು ಕಂಡ ಮೇಲೂ ಮುಂದಿನ ಸಲದ ಊಹೆ ಬದಲಾಗಲಿಲ್ಲ.

ಹಾಗಾಗಿ ಮೇಲಧಿಕಾರಿಯನ್ನು ‘ನಾನು ಎಲ್ಲಿ ಸುಧಾರಿಸಬೇಕು?’ ಎಂದು ಕೇಳಬೇಡಿ. ಆ ಪ್ರಶ್ನೆಗೆ ಸಿಗುವುದು ಸ್ವಭಾವದ ಬಗ್ಗೆ ಉಪದೇಶ: ಆತ್ಮವಿಶ್ವಾಸ ಹೆಚ್ಚಲಿ, ಅಥವಾ ಸ್ವಲ್ಪ ಮೃದುವಾಗಿ ಮಾತಾಡಿ, ಕೆಲವೊಮ್ಮೆ ಎರಡೂ ಒಟ್ಟಿಗೆ. ಹೀಗೆ ಕೇಳಿ: ‘ಚೌಕದಲ್ಲಿ ನನ್ನನ್ನು ಯಾವ ಮನೆಯಲ್ಲಿ ಇಟ್ಟಿದ್ದೀರಿ? ಆಯ್ಕೆಯಾದವರಿಗೆ ಇದ್ದು ನನಗೆ ಇಲ್ಲದ ಅನುಭವ ಯಾವುದು? ಅದು ಯಾವ ಹುದ್ದೆಯಲ್ಲಿ ಸಿಗುತ್ತದೆ, ಆ ಹುದ್ದೆ ಯಾವಾಗ ಖಾಲಿಯಾಗುತ್ತದೆ, ಅದನ್ನು ತುಂಬುವವರು ಯಾರು?’ ಉತ್ತರ ಬಂದ ದಿನವೇ ‘ಇವತ್ತು ನನಗೆ ಅರ್ಥವಾದದ್ದು ಇಷ್ಟು, ತಪ್ಪಿದ್ದರೆ ತಿದ್ದಿ’ ಎಂದು ನಾಲ್ಕು ಸಾಲಿನ ಇಮೇಲ್ ಕಳಿಸಿ. ಮುಂದಿನ ಸಲ ಮಾನದಂಡ ಬದಲಾದರೆ ಈ ಇಮೇಲ್ ನಿಮ್ಮ ಕೈಯಲ್ಲಿರುತ್ತದೆ. ಮಾನದಂಡ ಬದಲಾಗುವುದು ಬರೀ ಅನುಮಾನದ ಮಾತಲ್ಲ. 2005ರಲ್ಲಿ ಎರಿಕ್ ಉಲ್‌ಮನ್ ಮತ್ತು ಜೆಫ್ರಿ ಕೋಹೆನ್ ಪ್ರಕಟಿಸಿದ ಪ್ರಯೋಗದಲ್ಲಿ ಪೊಲೀಸ್ ಮುಖ್ಯಸ್ಥರ ಹುದ್ದೆಗೆ ಆಯ್ಕೆ ಮಾಡಲು ಹೇಳಿದಾಗ, ಪುರುಷ ಅಭ್ಯರ್ಥಿಗೆ ಓದು ಇದ್ದರೆ ಓದೇ ಮುಖ್ಯವಾಯಿತು, ಅದು ಇಲ್ಲದಿದ್ದಾಗ ಅದರ ತೂಕ ಇಳಿಯಿತು. ಯಾವುದು ಮುಖ್ಯವೆಂದು ಅಭ್ಯರ್ಥಿಯನ್ನು ನೋಡುವ ಮೊದಲೇ ಬರೆಸಿಕೊಂಡಾಗ ಆ ಪಕ್ಷಪಾತ ಕಾಣೆಯಾಯಿತು.

ಈಗ ಗಾಜಿನ ಚಾವಣಿಯ ಮಾತು, ಅಂದರೆ ಮಹಿಳೆಯರು ಮೇಲಿನ ಹುದ್ದೆಗೆ ಏರದಂತೆ ತಡೆಯುವ, ಕಣ್ಣಿಗೆ ಕಾಣದ ಅಡ್ಡಿ. 1978ರಲ್ಲಿ ಮರಿಲಿನ್ ಲೋಡನ್ ಆಡಿದ ಈ ನುಡಿ ಲೋಕಕ್ಕೆಲ್ಲ ಹರಡಿತು, ಉಪಕಾರವನ್ನೂ ಮಾಡಿತು. ಆದರೆ ಅದು ಕಣ್ಣನ್ನು ಮೇಲಕ್ಕೆ, ಕೊನೆಯ ಹುದ್ದೆಯ ಕಡೆಗೆ ತಿರುಗಿಸುತ್ತದೆ. ಅಂತರ ಶುರುವಾಗುವುದು ಕೆಳಗಿನ ಮೊದಲ ಮೆಟ್ಟಿಲಲ್ಲೇ. ಅಮೆರಿಕದ ಕಂಪನಿಗಳಲ್ಲಿ ಸಲಹಾ ಸಂಸ್ಥೆ ಮೆಕಿನ್ಸಿ ನಡೆಸುವ ವಾರ್ಷಿಕ ಸಮೀಕ್ಷೆಯ ಪ್ರಕಾರ, 2024ರಲ್ಲಿ ಮೊದಲ ಬಾರಿ ಮ್ಯಾನೇಜರ್ ಆದ ಪ್ರತಿ 100 ಪುರುಷರಿಗೆ 81 ಮಹಿಳೆಯರಿದ್ದರು. 100ಕ್ಕೆ 81 ಅಷ್ಟೇನೂ ಕೆಟ್ಟದಲ್ಲ ಎನ್ನಿಸಬಹುದು. ಲೆಕ್ಕ ಹಾಕಿ ನೋಡೋಣ. ಸಮನಾಗಿ ಸೇರಿದವರಲ್ಲಿ ಪ್ರತಿ ಮೆಟ್ಟಿಲಲ್ಲಿ ಹತ್ತು ಪುರುಷರು ಏರಿದರೆ ಎಂಟು ಮಹಿಳೆಯರು ಏರುತ್ತಾರೆ ಎಂದುಕೊಳ್ಳಿ. ಎರಡನೆಯ ಮೆಟ್ಟಿಲಿಗೆ 100ಕ್ಕೆ 64, ಮೂರನೆಯದಕ್ಕೆ 51, ಐದನೆಯದಕ್ಕೆ 33. ಅಂದರೆ ಸೇರುವಾಗ ಅರ್ಧದಷ್ಟಿದ್ದವರು ಐದು ಬಡ್ತಿಗಳ ನಂತರ ನಾಲ್ಕರಲ್ಲಿ ಒಬ್ಬರು. ಸೇರುವಾಗಲೇ 40:60 ಇದ್ದರೆ ಕೊನೆಗೆ ಉಳಿಯುವುದು ಶೇ. 18. ಯಾವ ಒಂದು ಮೆಟ್ಟಿಲಲ್ಲೂ ದೊಡ್ಡ ಅನ್ಯಾಯ ಕಾಣಿಸಲಿಲ್ಲ, ಯಾರೂ ಬಾಗಿಲು ಮುಚ್ಚಲಿಲ್ಲ. ಅಮೆರಿಕದ ಅತಿ ದೊಡ್ಡ 500 ಕಂಪನಿಗಳ ಫಾರ್ಚ್ಯೂನ್ 500 ಪಟ್ಟಿಯಲ್ಲಿ ಮಹಿಳಾ ಸಿಇಒಗಳ ಪ್ರಮಾಣ ಮೊದಲ ಬಾರಿಗೆ ಶೇ. 10 ದಾಟಿದ್ದು 2023ರಲ್ಲಿ. ನಮ್ಮ ಲೆಕ್ಕದ ಶೇ. 18ಕ್ಕೂ ಅದು ಕೆಳಗೆ. ಮೆಟ್ಟಿಲಿನ ಲೆಕ್ಕಕ್ಕೆ ಲೈನ್–ಸ್ಟಾಫ್ ಹಂಚಿಕೆ ಸೇರಿದರೆ ಹೀಗಾಗುತ್ತದೆ.

ನಿರ್ದೇಶಕ ಮಂಡಳಿಯ ಇಬ್ಬರು ಮಹಿಳೆಯರು ಈ ಲೆಕ್ಕವನ್ನು ಬದಲಾಯಿಸುವುದಿಲ್ಲ. ಮಂಡಳಿಯ ಸದಸ್ಯರು ಬಹುತೇಕ ಹೊರಗಿನಿಂದ ಬರುತ್ತಾರೆ, ಒಳಗಿನ ಏಣಿ ಹತ್ತಿ ಬರುವುದಿಲ್ಲ. ನಾರ್ವೆ 2003ರಲ್ಲಿ ಕಾನೂನು ಮಾಡಿ, 2008ರ ಹೊತ್ತಿಗೆ ಸಾರ್ವಜನಿಕ ಲಿಮಿಟೆಡ್ ಕಂಪನಿಗಳ ಮಂಡಳಿಗಳಲ್ಲಿ ಎರಡೂ ಲಿಂಗದವರಿಗೆ ಕನಿಷ್ಠ ಶೇ. 40 ಸ್ಥಾನ ಇರುವಂತೆ ಮಾಡಿತು. ಮಂಡಳಿಗೆ ಬಂದ ಮಹಿಳೆಯರ ಅರ್ಹತೆ ಮೊದಲಿಗಿಂತ ಹೆಚ್ಚಾಯಿತು, ಕಡಿಮೆಯಾಗಲಿಲ್ಲ. ಆದರೆ ಅವೇ ಕಂಪನಿಗಳ ಒಳಗೆ, ಮಂಡಳಿಯಿಂದ ಕೆಳಗಿದ್ದ ಮಹಿಳೆಯರ ಬಡ್ತಿಯ ಮೇಲೆ ಅದರ ಪರಿಣಾಮ ಕಂಡುಬರಲಿಲ್ಲ ಎಂದು 2019ರಲ್ಲಿ ಪ್ರಕಟವಾದ ವಿಸ್ತಾರವಾದ ಅಧ್ಯಯನ ತೋರಿಸಿತು. ಮೀಸಲು ಬೇಡ ಎನ್ನಲು ಇದನ್ನು ಕಾರಣ ಮಾಡಿಕೊಳ್ಳಬಾರದು. ಮಂಡಳಿಯ ಕೋಣೆಯೂ ಬಡ್ತಿಯ ಕೋಣೆಯೂ ಬೇರೆ ಬೇರೆ ಎಂದು ತಿಳಿದುಕೊಂಡರೆ ಸಾಕು. ನಿಮ್ಮ ಬಾಯಿ ಕಟ್ಟಿಹೋಗಬೇಕಾದ ಅಗತ್ಯವಿಲ್ಲ.

ಬಡ್ತಿಯ ಕೋಣೆಯಲ್ಲಿ ನೀವು ಇರುವುದಿಲ್ಲ, ನಿಮ್ಮ ಹೆಸರು ಮಾತ್ರ ಇರುತ್ತದೆ. ಅಲ್ಲಿ ಯಾರಾದರೂ ‘ಇವರಿಗೆ ಕೊಡಿ, ನಾನು ಜವಾಬ್ದಾರಿ’ ಎನ್ನಬೇಕು. ಅವರನ್ನು ಸ್ಪಾನ್ಸರ್ ಎನ್ನುತ್ತಾರೆ. ಮಹಿಳೆಯರಿಗೆ ಧಾರಾಳವಾಗಿ ಸಿಗುವವರು ಮೆಂಟರ್‌ಗಳು: ನಿಮ್ಮ ಜೊತೆ ಮಾತಾಡುವವರು. ಸ್ಪಾನ್ಸರ್ ನಿಮ್ಮ ಬಗ್ಗೆ ಮಾತಾಡುವವರು, ಅದರಲ್ಲಿ ಅವರ ಮರ್ಯಾದೆಯೂ ಪಣಕ್ಕಿರುತ್ತದೆ. ‘ನನಗೆ ಸ್ಪಾನ್ಸರ್ ಆಗಿ’ ಎಂದು ಕೇಳಿ ಪಡೆಯುವುದು ಕಷ್ಟ. ಆ ಕೋಣೆಯಲ್ಲಿ ಮತ ಇರುವ ಒಬ್ಬರ ಗುರಿಗೆ ನೇರವಾಗಿ ಸಂಬಂಧಿಸಿದ, ಮೂರರಿಂದ ಆರು ತಿಂಗಳಲ್ಲಿ ಮುಗಿಯುವ ಒಂದು ಕೆಲಸವನ್ನು ತೆಗೆದುಕೊಂಡು ಮುಗಿಸಿ. ಆಮೇಲೆ ಸಣ್ಣದಾಗಿ, ನಿರ್ದಿಷ್ಟವಾಗಿ ಕೇಳಿ: ‘ಮಾರ್ಚ್‌ನಲ್ಲಿ ಆ ಹುದ್ದೆಯ ಚರ್ಚೆ ಬಂದಾಗ ನನ್ನ ಹೆಸರನ್ನು ನೀವು ಎತ್ತುತ್ತೀರಾ?’ ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆ ಇದು. ತಡವರಿಸಿದರೆ ಅದೂ ಉತ್ತರವೇ.

ಆ ಕೆಲಸಕ್ಕೆ ಸಮಯ ಎಲ್ಲಿಂದ ತರುವುದು? ಲೆಕ್ಕಕ್ಕೆ ಬಾರದ ಕೆಲಸಗಳಿಂದ. ಸಭೆಯ ಟಿಪ್ಪಣಿ, ಹೊಸಬರ ತರಬೇತಿ, ಕಾರ್ಯಕ್ರಮ ಸಮಿತಿ, ಮುನಿಸಿಕೊಂಡ ಇಬ್ಬರ ನಡುವೆ ರಾಜಿ, ಇವೆಲ್ಲ ಆಗಲೇಬೇಕು, ಆದರೆ ಇವುಗಳಿಂದ ಯಾರಿಗೂ ಬಡ್ತಿ ಬರುವುದಿಲ್ಲ. ಲಿಂಡಾ ಬ್ಯಾಬ್‌ಕಾಕ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಇಂಥ ಕೆಲಸ ಮಾಡಿ ಎಂಬ ಕೋರಿಕೆ ಮಹಿಳೆಯರಿಗೆ ಪುರುಷರಿಗಿಂತ ಶೇ. 44 ಹೆಚ್ಚು ಬಂತು. ಕೋರಿಕೆ ಬಂದಾಗ ಒಪ್ಪಿಕೊಂಡವರು ಮಹಿಳೆಯರಲ್ಲಿ ಶೇ. 76, ಪುರುಷರಲ್ಲಿ ಶೇ. 51. ಕೇಳುವವರಲ್ಲಿ ಮಹಿಳೆಯರೂ ಇದ್ದರು, ಅವರೂ ಮಹಿಳೆಯರನ್ನೇ ಹೆಚ್ಚು ಕೇಳಿದರು. ನಾಲ್ಕು ವಾರ ನಿಮ್ಮ ಗಂಟೆಗಳನ್ನು ಬರೆದಿಡಿ. ವಾರಕ್ಕೆ ನಾಲ್ಕೈದು ಗಂಟೆಗಿಂತ ಹೆಚ್ಚು ಇಲ್ಲಿಗೆ ಹೋಗುತ್ತಿದ್ದರೆ, ‘ಆಗುವುದಿಲ್ಲ’ ಎನ್ನುವ ಬದಲು ಸರದಿ ಪಟ್ಟಿ ಮಾಡಿಸಿ. ಒಂಟಿಯಾಗಿ ಇಲ್ಲ ಎಂದ ಮಹಿಳೆಗೆ ‘ಸಹಕರಿಸುವುದಿಲ್ಲ’ ಎಂಬ ಹೆಸರು ಅಂಟಿಕೊಳ್ಳುತ್ತದೆ. ಸರದಿ ಬಂದರೆ ಆ ಹೆಸರಿಗೆ ಜಾಗವಿರುವುದಿಲ್ಲ.

ಮನೆ ಮತ್ತು ಮಕ್ಕಳ ವಿಷಯ ನೀವು ಬರೆದಿಲ್ಲ, ಆದರೂ ಅದನ್ನು ಬಿಟ್ಟು ಮುಂದೆ ಹೋಗಲಾಗದು. 2023ರ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಅವರ ಸಂಶೋಧನೆಯ ತಿರುಳು ಇದು: ಹೊತ್ತುಗೊತ್ತಿಲ್ಲದೆ ಕರೆದಾಗ ಸಿಗುವವರಿಗೆ ಕೆಲವು ಉದ್ಯೋಗಗಳು ಗಂಟೆಯ ಲೆಕ್ಕಕ್ಕೂ ಮೀರಿ ಬಹುಮಾನ ಕೊಡುತ್ತವೆ. ಮಗು ಬಂದ ಮೇಲೆ ದಂಪತಿಯಲ್ಲಿ ಒಬ್ಬರು ಮಾತ್ರ ಹಾಗೆ ಸಿಗಲು ಸಾಧ್ಯ, ಹೆಚ್ಚಿನ ಮನೆಗಳಲ್ಲಿ ಅದು ಗಂಡ. ಇದರ ಜೊತೆಗೆ ಬರೀ ತಾಯ್ತನದ ಮೇಲಿನ ದಂಡವೂ ಇದೆ. 2007ರಲ್ಲಿ ಶೆಲ್ಲಿ ಕೊರೆಲ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ ಸಮಾನ ಅರ್ಹತೆಯ ಅರ್ಜಿಗಳನ್ನು ಉದ್ಯೋಗದಾತರಿಗೆ ಕಳಿಸಿದಾಗ, ತಾಯಿ ಎಂದು ಸೂಚನೆ ಇದ್ದ ಅರ್ಜಿಗಳಿಗೆ ಬಂದ ಕರೆ ಮಕ್ಕಳಿಲ್ಲದ ಮಹಿಳೆಯರಿಗೆ ಬಂದದ್ದರ ಅರ್ಧಕ್ಕಿಂತ ಕಡಿಮೆ. ತಂದೆಯರಿಗೆ ಅಂಥ ದಂಡ ಬೀಳಲಿಲ್ಲ. ಹೆರಿಗೆ ರಜೆಯ ಸುತ್ತ ಎಡವಟ್ಟಾಗುವುದು ಮೂರು ಕಡೆ: ರಜೆ ಇದ್ದ ವರ್ಷಕ್ಕೆ ಪೂರ್ತಿ ವರ್ಷದ ಟಾರ್ಗೆಟ್ ಇಟ್ಟು ರೇಟಿಂಗ್ ಇಳಿಸುವುದು, ಬಡ್ತಿ ಪರಿಶೀಲನೆಯ ಪಟ್ಟಿಯಿಂದ ಹೆಸರು ಬಿಡುವುದು, ಮರಳಿ ಬಂದಾಗ ಹಳೆಯ ಗ್ರಾಹಕರನ್ನು ವಾಪಸ್ ಕೊಡದಿರುವುದು. ಮೂರನೆಯದೇ ಹೆಚ್ಚು ದುಬಾರಿ. ರಜೆಗೆ ಮೊದಲೇ ಯಾವ ಗ್ರಾಹಕರ ಖಾತೆ ಯಾರ ಕೈಯಲ್ಲಿ ಎಷ್ಟು ದಿನ, ಯಾವ ತಾರೀಖಿಗೆ ವಾಪಸ್ ಎಂದು ಬರೆಸಿಕೊಂಡರೆ ಬಹಳಷ್ಟು ಉಳಿಯುತ್ತದೆ. ನಿಮ್ಮ ವಿಭಾಗದ ಹೆಣ್ಣುಮಕ್ಕಳಿಗೆ ಇದನ್ನು ಮಾಡಿಸಿಕೊಡುವುದು ಈಗ ನಿಮ್ಮ ಕೈಯಲ್ಲೇ ಇದೆ.

ಕಂಪನಿ ಏನು ಮಾಡಬೇಕು ಎಂಬುದಕ್ಕೆ ಉತ್ತರ ಉದ್ದವಿಲ್ಲ. ಎಲ್ಲರನ್ನೂ ಕೂರಿಸಿ ಒಂದು ದಿನದ ಪೂರ್ವಗ್ರಹ ತರಬೇತಿ ಕೊಡುವುದರಿಂದ ಆಗುವುದು ಅತ್ಯಲ್ಪ. ಅಮೆರಿಕದ 700ಕ್ಕೂ ಹೆಚ್ಚು ಸಂಸ್ಥೆಗಳ ಮೂರು ದಶಕಗಳ ಮಾಹಿತಿ ನೋಡಿದ ಕಲೇವ್, ಡಾಬಿನ್ ಮತ್ತು ಕೆಲ್ಲಿ 2006ರಲ್ಲಿ ತೋರಿಸಿದಂತೆ, ಫಲಿತಾಂಶಕ್ಕೆ ಒಬ್ಬರನ್ನು ಹೊಣೆ ಮಾಡಿದ ಕಡೆ ಬದಲಾವಣೆ ಬಂತು. ಎಣಿಸುವುದರಿಂದ ಶುರುಮಾಡಬೇಕು. ಪ್ರತಿ ದರ್ಜೆಯಲ್ಲಿ ವರ್ಷದ ಆರಂಭಕ್ಕೆ ಅರ್ಹರಾಗಿದ್ದ ಮಹಿಳೆಯರೆಷ್ಟು, ಪುರುಷರೆಷ್ಟು, ಬಡ್ತಿ ಸಿಕ್ಕವರೆಷ್ಟು, ಅವರು ಕಾದ ತಿಂಗಳೆಷ್ಟು, ಕಂಪನಿ ಬಿಟ್ಟವರೆಷ್ಟು. ಲೈನ್ ಮತ್ತು ಸ್ಟಾಫ್ ಬೇರೆ ಬೇರೆ. ಒಂದು ವರ್ಷದ ಅಂಕಿ ನಂಬಬೇಡಿ. ಹನ್ನೆರಡು ಜನರ ದರ್ಜೆಯಲ್ಲಿ ಒಂದು ಬಡ್ತಿ ಹೆಚ್ಚುಕಡಿಮೆಯಾದರೆ ಪ್ರಮಾಣ ಶೇಕಡಾ ಎಂಟು ಅಂಶದಷ್ಟು ಅಲುಗಾಡುತ್ತದೆ. ಮೂರು ವರ್ಷ ಒಟ್ಟು ಸೇರಿಸಿ ನೋಡಿ. ಆಮೇಲೆ, ಅಂತಿಮ ಪಟ್ಟಿಯಲ್ಲಿ ಒಬ್ಬಳೇ ಮಹಿಳೆ ಇರದಂತೆ ನೋಡಿಕೊಳ್ಳಬೇಕು. ವಿಶ್ವವಿದ್ಯಾಲಯದ ನೇಮಕಾತಿಗಳನ್ನು ಪರಿಶೀಲಿಸಿದ ಅಧ್ಯಯನವೊಂದರಲ್ಲಿ, ಒಬ್ಬಳೇ ಇದ್ದಾಗ ಆಯ್ಕೆಯ ಸಂಭವ ಸೊನ್ನೆಗೆ ಹತ್ತಿರವಿತ್ತು, ಇಬ್ಬರಾದೊಡನೆ ಚಿತ್ರವೇ ಬದಲಾಯಿತು. ಒಬ್ಬಳಿದ್ದರೆ ಕಣ್ಣಿಗೆ ಬೀಳುವುದು ಅವಳು ಹೆಂಗಸು ಎಂಬುದು. ಇಬ್ಬರಿದ್ದರೆ ಇಬ್ಬರ ನಡುವಿನ ವ್ಯತ್ಯಾಸ.

ಇನ್ನು ಆ ನಷ್ಟದ ವಿಭಾಗ. ನಿಮ್ಮ ಹಾಳೆಯ ಖಾಲಿ ಕಾಲಂ ತುಂಬುವುದು ಇಂಥ ಹುದ್ದೆಯೇ, ಅದಕ್ಕೇ ಒಪ್ಪಿಕೊಳ್ಳಿ ಎಂದೆ. ಆದರೆ ಇದರಲ್ಲಿ ಹೆಸರಿರುವ ಒಂದು ಅಪಾಯವಿದೆ. 2003ರಲ್ಲಿ ಲಂಡನ್ ಷೇರುಪೇಟೆಯ ದೊಡ್ಡ 100 ಕಂಪನಿಗಳು ಮಾಡಿದ ನೇಮಕಗಳನ್ನು ಮಿಷೆಲ್ ರಯಾನ್ ಮತ್ತು ಅಲೆಕ್ಸ್ ಹ್ಯಾಸ್ಲಮ್ ಪರಿಶೀಲಿಸಿ 2005ರಲ್ಲಿ ಬರೆದರು. ಪೇಟೆ ಕುಸಿದ ಹೊತ್ತಿನಲ್ಲಿ ಮಹಿಳೆಯರನ್ನು ಮಂಡಳಿಗೆ ತಂದ ಕಂಪನಿಗಳು ಅದರ ಹಿಂದಿನ ಐದು ತಿಂಗಳಲ್ಲಿ ಆಗಲೇ ಸತತವಾಗಿ ಕೆಳಗಿಳಿದಿದ್ದವು. ಅವರು ಇದನ್ನು ಗಾಜಿನ ಕಮರಿ ಎಂದರು. ಮುಳುಗುವ ಹೊತ್ತಿಗೆ ಚುಕ್ಕಾಣಿ ಕೊಟ್ಟು, ಮುಳುಗಿದ ಮೇಲೆ ನಡೆಸಿದವಳನ್ನು ದೂರುವುದು.

ಒಪ್ಪುವ ಮೊದಲು ಕೇಳಿ: ನನಗಿಂತ ಮುಂಚೆ ಯಾರನ್ನು ಕೇಳಿದ್ದಿರಿ, ಅವರು ಯಾಕೆ ಬೇಡವೆಂದರು? ಮೂರು ವರ್ಷದ ತಿಂಗಳವಾರು ಲೆಕ್ಕ ತರಿಸಿಕೊಂಡು ನಷ್ಟವನ್ನು ಬಿಡಿಸಿ ನೋಡಿ: ಮಾರಾಟ ಕುಸಿದದ್ದೋ, ಬೆಲೆ ಇಳಿಸಿದ್ದೋ, ಖರ್ಚು ಏರಿದ್ದೋ, ಕೇಂದ್ರ ಕಚೇರಿಯ ಖರ್ಚನ್ನು ಈ ವಿಭಾಗದ ತಲೆಗೆ ಕಟ್ಟಿದ್ದೋ. ಕೊನೆಯದಾದರೆ ನಷ್ಟ ಕಾಗದದ್ದು, ಬೇಗ ಇಳಿಯುತ್ತದೆ. ಮಾರುಕಟ್ಟೆಯೇ ಕುಗ್ಗಿದ್ದರೆ ಯಾರು ಬಂದರೂ ಏರಿಸಲಾರರು, ಆಗ ಗುರಿ ‘ಲಾಭ’ ಎಂದಿರದೆ ‘ಕ್ರಮವಾಗಿ ಮುಚ್ಚುವುದು’ ಎಂದಿರಬೇಕು.

ಬರಹದಲ್ಲಿ ಬೇಕಾದ್ದು ಹೀಗೆ. ಮಾರಾಟವಾಗದೆ ಬಿದ್ದಿರುವ ಹಳೆಯ ಸರಕು, 180 ದಿನ ದಾಟಿದ ಬಾಕಿ ವಸೂಲಿ, ಬಾಕಿ ಉಳಿದ ತಗಾದೆಗಳು, ಇವುಗಳ ನಷ್ಟವನ್ನೆಲ್ಲ ನೀವು ಸೇರುವ ದಿನಕ್ಕೆ ಮೊದಲೇ ಲೆಕ್ಕಕ್ಕೆ ಹಾಕಿಸಿ. ಇಲ್ಲದಿದ್ದರೆ ಹಿಂದಿನವರ ಹೊರೆ ನಿಮ್ಮ ಮೊದಲ ತ್ರೈಮಾಸಿಕದಲ್ಲಿ ಕಾಣಿಸಿಕೊಳ್ಳುತ್ತದೆ. ಕಾಲಾವಧಿ ಕನಿಷ್ಠ ಆರು ತ್ರೈಮಾಸಿಕ. ಅಳೆಯುವ ಅಂಕಿ ಎರಡೇ ಇರಲಿ: ಕಾರ್ಯಾಚರಣೆಯ ಲಾಭ ಅಥವಾ ನಷ್ಟ, ಮತ್ತು ಕೈಗೆ ಬರುವ ನಗದು. ಬೆಲೆ ನಿಗದಿಯ ಅಧಿಕಾರ, ನೇರ ಕೈಕೆಳಗಿನವರನ್ನು ಬದಲಾಯಿಸುವ ಅಧಿಕಾರ, ನಿಮಗೇ ವರದಿ ಮಾಡುವ ಒಬ್ಬ ಹಣಕಾಸು ಅಧಿಕಾರಿ. ನೀವು ಲೈನ್‌ಗೆ ಹೊಸಬರಾದ್ದರಿಂದ ಈ ಕೊನೆಯದನ್ನು ಬಿಟ್ಟುಕೊಡಲೇಬೇಡಿ. ಮುಂದಿನ 13 ವಾರಗಳ ನಗದು ಒಳಹರಿವು–ಹೊರಹರಿವಿನ ಅಂದಾಜನ್ನು ಆತನಿಂದ ಮೊದಲ ತಿಂಗಳಲ್ಲೇ ಮಾಡಿಸಿ, ವಾರಕ್ಕೊಮ್ಮೆ ತಿದ್ದಿಸುತ್ತಿರಿ. ವರದಿ ನೇರವಾಗಿ ಸಿಇಒಗೆ. ಅವಧಿ ಮುಗಿದ ಮೇಲೆ ನಿಮ್ಮನ್ನು ಯಾವ ದರ್ಜೆಗೆ ಪರಿಗಣಿಸುತ್ತಾರೆ ಎಂಬುದೂ ಅದೇ ಪತ್ರದಲ್ಲಿ ಇರಲಿ.

ಮಾತುಕತೆಯಲ್ಲಿ ಎಲ್ಲವೂ ಸಿಗುವುದಿಲ್ಲ. ಅವಧಿಯಲ್ಲಿ ಒಂದು ತ್ರೈಮಾಸಿಕ ಕಡಿಮೆಯಾದರೆ ನಡೆಯುತ್ತದೆ. ಹಳೆಯ ನಷ್ಟವನ್ನು ಮೊದಲೇ ಲೆಕ್ಕಕ್ಕೆ ಹಾಕುವುದು, ಜನರನ್ನು ಬದಲಾಯಿಸುವ ಅಧಿಕಾರ, ಈ ಎರಡರಲ್ಲಿ ಒಂದನ್ನು ನಿರಾಕರಿಸಿದರೂ ಆ ಹುದ್ದೆ ಬೇಡ ಎನ್ನಿ. ಅದರ ಬದಲಿಗೆ ಚಿಕ್ಕದಾದರೂ ಸರಿ, ಲಾಭದಲ್ಲಿರುವ, ಲೆಕ್ಕ ಸ್ವಚ್ಛವಾಗಿರುವ ಒಂದು ಲೈನ್ ಹುದ್ದೆಯನ್ನು ಹೆಸರು ಹೇಳಿ ಕೇಳಿ. ಅಂಥ ಮೂರು ಹುದ್ದೆಗಳ ಪಟ್ಟಿಯನ್ನು ಆ ಸಭೆಗೆ ಹೋಗುವ ಮೊದಲೇ ಸಿದ್ಧಮಾಡಿಕೊಂಡಿರಿ.